ಏಪ್ರನ್ ಕಟ್ಟಿದವರ ಕಟ್ಟಡ

ವಡೋದರದ ನಮ್ಮ ಕನ್ನಡ ಸಂಘದಲ್ಲಿ ನಗುವಿಗೆ ಬರ ಬಂದದ್ದೇ ಇಲ್ಲ. ಭಾನುವಾರದ ಮಕ್ಕಳ ಪಾಠಕ್ಕೆ ಆ ಹಳೇ ಕಟ್ಟಡ ಬಾಡಿಗೆಗೆ ಸಿಕ್ಕ ಮೇಲಂತೂ ವಾರಕ್ಕೊಂದು ಪ್ರಸಂಗ. ಹಿಂದೆ ಅದು ಒಂದು ಸೋದರ ಮಂಡಳಿಯದ್ದು. ಬಾಗಿಲು ಹಾಕಿಕೊಂಡು ಸಭೆ ನಡೆಸುತ್ತಿದ್ದರು. ಒಳಗೆ ನಡೆದದ್ದನ್ನು ಹೊರಗೆ ಹೇಳುವುದಿಲ್ಲವೆಂದು ಪ್ರಮಾಣ ಬೇರೆ. ಈಗ ಉಳಿದಿರುವವರು ಒಬ್ಬರೇ ಹಿರಿಯರು, ಕಟ್ಟಡ ಅವರ ಸುಪರ್ದಿನಲ್ಲಿದೆ. ಒಳಗೆ ಏನು ನಡೆಯುತ್ತಿತ್ತೆಂದು ತಿಳಿಯದೆ ನನಗೆ ಅನ್ನ ಸೇರುತ್ತಿರಲಿಲ್ಲ.

ಚಿಲಕ

ಮೊದಲ ದಿನ ಆಟೋದವನು ಗೇಟಿನವರೆಗೆ ಬರಲೊಪ್ಪದೆ ತಿರುವಿನಲ್ಲೇ ನಮ್ಮನ್ನು ಇಳಿಸಿದ.

"ಭೂತ್ ಬಂಗ್ಲಾ, ಸಾಹೇಬ್! ದೊಡ್ಡ ದೊಡ್ಡ ಗಂಡಸರು ಏಪ್ರನ್ ಕಟ್ಟಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಳ್ತಿದ್ರಂತೆ. ನಮ್ಮ ತಾತ ಹೇಳ್ತಿದ್ರು."

ನನ್ನ ಮೈ ಜುಂ ಎಂದಿತು. ಹೆಂಡತಿಗೆ ಏನೂ ಆಗಲಿಲ್ಲ.

"ಅಡುಗೆ ಮಾಡ್ತಿದ್ರು ಕಣ್ರೀ. ಬರುತ್ತೆ ಅಂತ ಗೊತ್ತಾದ್ರೆ ಮನೇಲೂ ಮಾಡ್ಬೇಕಲ್ಲ, ಅದಕ್ಕೇ ಚಿಲಕ."

ಕಣ್ಣು

ಒಳಗೆ ದೊಡ್ಡ ಕುರ್ಚಿಯ ಹಿಂದಿನ ಗೋಡೆಯಲ್ಲಿ ಒಂದು ಕಣ್ಣು ಕೆತ್ತಿದ್ದಾರೆ. ಯಾವ ದೇವರೋ ಏನೋ, ಸುಮ್ಮನೆ ಯಾಕೆ ಬಿಡುವುದು ಎಂದು ನಮ್ಮ ಹೆಂಗಸರು ಕುಂಕುಮವಿಟ್ಟು ಹಾರ ಹಾಕಿದರು. ಮುಂದಿನ ವಾರ ಅಕ್ಕಪಕ್ಕದ ಗುಜರಾತಿ ಹೆಂಗಸರು ತೆಂಗಿನಕಾಯಿ ಹಿಡಿದು ಬಂದರು. ಯಾರದೋ ಅತ್ತೆಯ ಕಣ್ಣಿನ ಆಪರೇಷನ್ ಸಲೀಸಾಯಿತಂತೆ. ಈಗ ಬಾಡಿಗೆ ಕೊಡುವ ನಾವೇ ಚಪ್ಪಲಿ ಹಾಕಿಕೊಂಡು ಒಳಗೆ ಹೋದರೆ ಅವರಿಂದ ಬೈಸಿಕೊಳ್ಳಬೇಕು.

ಗುಟ್ಟು

ಅಷ್ಟರಲ್ಲಿ ಜಿಮ್‌ನವನೊಬ್ಬ ಆ ಜಾಗ ಕೇಳಿದ. ಯಾರಿಗೆ ಕೊಡುವುದೆಂದು ತೀರ್ಮಾನಿಸಲು ಹಿರಿಯರು ತಾವೇ ನೋಡಲು ಬಂದರು. ಕೈತಪ್ಪಿದರೆ ಪಾಠ ನಿಂತಂತೆಯೇ. ನಮ್ಮ ಮಕ್ಕಳು ಈಗಾಗಲೇ ಅಜ್ಜಿಯ ಫೋನಿಗೂ ಗುಜರಾತಿಯಲ್ಲಿ ಉತ್ತರ ಕೊಡುತ್ತಾರೆ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಹಿರಿಯರು ಕಣ್ಣಿನ ಕುಂಕುಮ ನೋಡಿದರು. ಕಪ್ಪು ಬಿಳುಪು ಚೌಕದ ನೆಲದ ಮೇಲೆ ಮಕ್ಕಳು ಅ ಆ ಇ ಈ ಬರೆದು ಕುಂಟೆಬಿಲ್ಲೆ ಆಡುತ್ತಿದ್ದುದನ್ನೂ ನೋಡಿದರು.

ನಮ್ಮ ಅಧ್ಯಕ್ಷರಿಗೆ, ಏನು ಬೇಕಾದರೂ ಮಾತಾಡಿ, ಅದೊಂದನ್ನು ಕೇಳಬೇಡಿ ಎಂದು ಹೇಳಿ ಹೇಳಿ ಕರೆತಂದಿದ್ದೆವು. ಅವರು ತಮ್ಮ ಧಾರವಾಡದ ಹಿಂದಿಯಲ್ಲಿ ಅದನ್ನೇ ಕೇಳಿದರು: "ಸಾಹೇಬ್ರ, ಇಲ್ಲಿ ಒಳಗ ಏನ್ ನಡೀತಿತ್ರಿ?"

ಕಥೆ ಮುಗಿಯಿತು ಅಂದುಕೊಂಡೆ.

"ಹೇಳುವಂತಿಲ್ಲ" ಎಂದರು ಹಿರಿಯರು. "ನಿಮ್ಮ ಸಂಘದಲ್ಲಿ ಏನು ನಡೆಯುತ್ತೆ?"

"ನಮ್ಮದೇನ್ರಿ, ಮುಂದಿನ ಅಧ್ಯಕ್ಷ ಯಾರು ಅಂತ ಜಗಳ. ಆಮ್ಯಾಲೆ ಎಲ್ಲಾರೂ ಕೂಡಿ ಊಟ."

ಹಿರಿಯರ ಮುಖ ಬಿಳಿಚಿಕೊಂಡಿತು. ಹೋಗಿ ಬಾಗಿಲು ಹಾಕಿ ಬಂದರು. ಬೀಗದ ಕೈಯನ್ನು ಅಧ್ಯಕ್ಷರ ಅಂಗೈಯಲ್ಲಿಟ್ಟು, ದನಿ ತಗ್ಗಿಸಿ ಕೇಳಿದರು:

"ಜಾಗ ನಿಮಗೇ. ಆದರೆ ಇದನ್ನು ನಿಮಗೆ ಹೇಳಿದ್ದು ಯಾರು?"