ಕಟ್ಟೆಗೆ ಎರಡು ತೂತು

ಬೈಲಹೊಂಗಲದ ಹೈಸ್ಕೂಲಿನಲ್ಲಿ ರೇಖಾಗಣಿತ ಹೇಳುವ ನನಗೆ ಒಂದು ಅಡಿಗೆಮನೆ ಕಟ್ಟೆ ಯಾವ ಲೆಕ್ಕ? ನಮ್ಮ ಮನೆತನದ ಮೊದಲ ಬಿ.ಎಸ್ಸಿ. ನಾನು! ನೆಲಕ್ಕೆ ಕೂತು ರೊಟ್ಟಿ ಬಡಿದೂ ಬಡಿದೂ ನನ್ನ ಹೆಂಡತಿ ಸಾವಂತ್ರೆವ್ವನ ಮೊಣಕಾಲು ಹಿಡಿದುಹೋಗಿದ್ದವು. "ಇನ್ನ ಮ್ಯಾಲ ನೆಲಕ್ಕ ಕುಂದರಬ್ಯಾಡ್ರಿ" ಎಂದು ಡಾಕ್ಟರರು ಹೇಳಿಬಿಟ್ಟರು. ೧೯೭೪ರಲ್ಲಿ ನಮ್ಮ ಓಣಿಯೊಳಗೆ ನಿಂತು ಅಡಿಗೆ ಮಾಡುವ ಮನೆ ಒಂದೂ ಇರಲಿಲ್ಲ. "ನಿನ್ನನ್ನ ನಿಂದರಿಸೇ ತೀರತೇನಿ" ಎಂದು ಘೋಷಿಸಿದೆ.

ಶಹಾಬಾದ ಕಲ್ಲು ಬಂತು. ಹುಬ್ಬಳ್ಳಿಯಿಂದ ದುಂಡನೆಯ ಬಿಳಿ ಸಿಂಕೂ ಬಂತು. ನಯವಾದ ಮೈ ಗೀರಬಾರದೆಂದು ಕಲ್ಲನ್ನು ಬೋರಲು ಹಾಕಿದ್ದರು. ಗೋಡೆಯಲ್ಲಿ ನೀರು ಹೋಗುವ ಕೊಳವೆ ಬಲಕ್ಕಿತ್ತು. ನಾನು ಕಲ್ಲಿನ ಬೆನ್ನ ಮೇಲೆ ಬಲಕ್ಕೇ ವೃತ್ತ ಎಳೆದೆ. ಎಂಥ ವೃತ್ತ! ಗೌಂಡಿ ದುರ್ಗಪ್ಪ ಗೆರೆ ತಪ್ಪದೆ ಕೊರೆದ. ಮಗುಚಿ ಕೂಡಿಸಿದಾಗ ತೂತು ಎಡಕ್ಕೆ ಹೋಗಿ ಕೂತಿತ್ತು.

"ಮಾಸ್ತರ, ನೀವಽ ಬಲಕ್ಕ ಅಂದ್ರಿ."

"ನಾ ಬಲಕ್ಕಽ ಹಾಕಿದ್ದೆ. ಕಲ್ಲು ಹೊಳ್ಳಿ ಬಿದ್ರ ನಾ ಏನ್ ಮಾಡ್ಲಿ?"

ಅಷ್ಟರಲ್ಲಿ ಸಾವಂತ್ರೆವ್ವ ಬಂದು ನಿಂತಳು. ಕಟ್ಟೆ ಅವಳ ಪಕ್ಕೆಲುಬಿಗೆ ತಾಗಿತು.

"ಎತ್ತರ ಯಾರದು ಹಿಡದ್ರಿ?"

"ನಂದು."

"ಹಂಗಾದ್ರ ರೊಟ್ಟೀನೂ ನೀವಽ ಬಡೀರಿ. ನಾ ಸ್ಟೂಲ್ ಹತ್ತಿ ಬಡದ್ರ ಭಾಷಣ ಮಾಡಿದಂಗ ಆಕ್ಕತಿ."

ಕಟ್ಟೆ ಕಿತ್ತರೆ ಕಲ್ಲು ಒಡೆಯುತ್ತದೆ, ಬಿಟ್ಟರೆ ಅವಳು ಮತ್ತೆ ನೆಲಕ್ಕೆ. ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಅವಳು ತೂತಿನಲ್ಲಿ ಇಣುಕಿ ನೋಡಿದಳು. ಅದರ ಕೆಳಗೆ ದುರ್ಗಪ್ಪನ ಕೈಯಿಂದ ಇಟ್ಟಿಗೆ ಇಡಿಸಿದಳು. ಮೇಲೆ ರೊಟ್ಟಿ ಬಡಿಯುವ ಕೊಣಮಿಗಿ, ಆ ದುಂಡನೆಯ ಮರದ ಹರಿವಾಣ, ಇಳಿಸಿದಳು. ಅದು ಕಟ್ಟೆಗಿಂತ ತಗ್ಗಿನಲ್ಲಿ, ಅವಳ ಕೈಗೆ ಹದವಾಗಿ ಕೂತಿತು. ಎಷ್ಟು ಬಡಿದರೂ ಜಾರಲಿಲ್ಲ, ಸುತ್ತ ಕಲ್ಲು ಹಿಡಿದುಕೊಂಡಿತ್ತು. ಮೊಣಕಾಲು ಮಡಚದೆಯೇ ಮೊದಲ ರೊಟ್ಟಿ ಹಂಚಿಗೆ ಹೋಯಿತು!

ಸಿಂಕಿಗೆ ಬಲಕ್ಕೆ ಇನ್ನೊಂದು ತೂತು ಕೊರೆಸಿದೆವು. ಈ ಸಲ ಮೇಲಿನಿಂದ ಗುರುತು ಹಾಕಿದೆ, ಅವಳು ಪಕ್ಕದಲ್ಲೇ ನಿಂತಿದ್ದಳು.

ಓಣಿಯ ಹೆಂಗಸರೆಲ್ಲ ನೋಡಲು ಬಂದರು. ಇದೆಲ್ಲ ಗಣಿತದ ಮಹಿಮೆ ಎಂದು ವಿವರಿಸಿದೆ. ಎದುರುಮನೆಯ ಬಾಯವ್ವ ನನ್ನನ್ನು ದಾಟಿ ಒಳಗೆ ಹೋದಳು.

"ಸಾವಂತ್ರೆವ್ವ, ನಮಗೂ ಇಂಥಾದ್ದಽ ಬೇಕವಾ. ಗುರುತು ಹಾಕಾಕ ಮಾಸ್ತರನ್ನ ಕಳಸ್ತೀಯೋ, ನೀನಽ ಬರತೀಯೋ?"

"ಇಬ್ರೂ ಬರತೇವಿ. ಮೊದಲ ಅವರು ತಪ್ಪು ಮಾಡ್ಲಿ. ಅಲ್ಲಿಂದ ಮುಂದ ನನಗ ದಾರಿ ಕಾಣತೈತಿ."