ಜಾಗ ಸಾಲದ ಕವಿತೆ

ಮಗಳಿಗೆ ತನ್ನನ್ನು ಕಂಡರೆ ನಾಚಿಕೆ ಎಂಬುದು ಬೋರ್ಡು ಬರೆಯುವ ಯಜಮಾನರ ಎದೆಯಲ್ಲಿ ಕೂತಿದ್ದ ಕೊರಗು. ಶಾಲೆಯ ಗೇಟಿನವರೆಗೂ ಸೈಕಲ್ಲಿನಲ್ಲಿ ಬಂದು, ಇಳಿಯುವಾಗ ಅಪ್ಪನ ಕೆನ್ನೆ ಗಿಂಡುತ್ತಿದ್ದ ಹುಡುಗಿ, ಒಂಬತ್ತನೇ ಕ್ಲಾಸಿಗೆ ಕಾಲಿಟ್ಟಿದ್ದೇ ತಡ, ‘ಅಪ್ಪಾ, ಇಲ್ಲೇ ತಿರುವಿನಲ್ಲೇ ಬಿಟ್ಬಿಡು’ ಎನ್ನತೊಡಗಿದ್ದಳು. ಅವರ ಅಂಗಿಯ ಮೇಲೆ ಊರಿನ ಎಲ್ಲ ಅಂಗಡಿಗಳ ಬಣ್ಣವೂ ಇರುತ್ತಿತ್ತು, ನಿಜ. ಆದರೂ ಯಜಮಾನರಿಗೆ ನೋವಾಗಿತ್ತು.

ಅಷ್ಟರಲ್ಲಿ ಮಗಳ ಕನ್ನಡ ಮೇಷ್ಟ್ರು ಹೊಸ ಪಟ್ಟು ಹಾಕಿದರು. ಪಾಠದ ಪದ್ಯಗಳ ಹೋಲಿಕೆಯನ್ನು ಮಕ್ಕಳೆಲ್ಲ ಗೈಡಿನಿಂದ ಭಟ್ಟಿ ಇಳಿಸುವುದನ್ನು ನೋಡಿ ರೋಸಿಹೋಗಿದ್ದ ಅವರು, ‘ಅಪ್ಪ ಅಮ್ಮನ ಕೈಲಿ ಒಂದೊಂದು ಕವಿತೆ ಬರೆಸಿಕೊಂಡು ಬನ್ನಿ. ಮಕ್ಕಳ ಮೇಲಿನ ಪ್ರೀತಿ ಎರಡರಲ್ಲೂ ಹೇಗೆ ಬಂದಿದೆ ಅಂತ ನೀವೇ ಹೋಲಿಸಿ’ ಎಂದುಬಿಟ್ಟರು. ಮಗಳು ಮನೆಗೆ ಬಂದು ಇದನ್ನು ಹೇಳಿದಾಗ ಯಜಮಾನರ ಕಿವಿ ನೆಟ್ಟಗಾಯಿತು. ಬಾಯಲ್ಲಿ ಹೇಳಲಾಗದ್ದನ್ನು ಕವಿತೆಯಲ್ಲಿ ಹೇಳಿಬಿಡಬಹುದಲ್ಲ!

ಅವರ ಹೆಂಡತಿ ಹೊಲಿಗೆ ಮೆಷಿನ್ನಿನಿಂದ ಏಳದೆಯೇ, ಬಟ್ಟೆ ಅಳತೆಯ ಕಾಗದದ ಹಿಂದೆ ನಾಲ್ಕು ಸಾಲು ಗೀಚಿ ಮುಗಿಸಿದರು:

ತಲೆ ಒರೆಸ್ಕೋ, ನೆಗಡಿ ಆಗುತ್ತೆ,
ನಿಧಾನ ನಡಿ, ದಾರೀಲಿ ಕಲ್ಲಿದೆ,
ಲೇಟಾದ್ರೆ ಒಂದು ಫೋನ್ ಮಾಡು,
ನಾನೇನೂ ಕಾಯ್ತಾ ಕೂರಲ್ಲ.

‘ಇದು ಕವಿತೇನೇ? ಬೈಗುಳ!’ ಎಂದರು ಯಜಮಾನರು.

‘ಹೌದ್ರೀ, ನಿಮ್ಮ ಘನಂದಾರಿ ಕಾವ್ಯ ಎಲ್ಲಿದೆ, ತೋರ್ಸಿ ನೋಡೋಣ.’

ಕಾವ್ಯ ತಲೆಯಲ್ಲಿ ಸಿದ್ಧವಾಗಿತ್ತು. ಮುಗಿಲು, ಕಡಲು, ವಜ್ರ, ವೈಡೂರ್ಯ ಎಲ್ಲವನ್ನೂ ದುಡಿಸಿಕೊಂಡ ಹನ್ನೆರಡು ಸಾಲು. ಮಹಾಕವಿಗಳು ಕಾಗದದಲ್ಲಿ ಬರೆಯಲಿ, ತಾವು ಬರೆಯುವುದು ಬೋರ್ಡಿನ ಮೇಲೆಯೇ ಎಂದು ಬಿಳಿ ಹಲಗೆಯೊಂದನ್ನು ಗೋಡೆಗೆ ಒರಗಿಸಿದರು. ಮಾಮೂಲಿಯಾಗಿ ಅವರು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅಕ್ಷರ ಎಣಿಸಿ, ಆಮೇಲಷ್ಟೇ ಬ್ರಷ್ಷು ಅದ್ದುವವರು. ಈ ಸಲ, ‘ಪ್ರೀತಿಗೆ ಯಾರಾದ್ರೂ ಗೆರೆ ಎಳೀತಾರಾ?’ ಎಂದು ನೇರವಾಗಿ ಶುರು ಹಚ್ಚಿಕೊಂಡರು. ಮೊದಲ ಪದ ‘ಮಗಳೇ’. ‘ಮ’ ಬರೆಯುವಾಗ ಅವಳು ಅಂಬೆಗಾಲಿಟ್ಟಿದ್ದು ನೆನಪಾಗಿ ಅಕ್ಷರ ಉಬ್ಬಿತು. ‘ಗ’ ಬರೆಯುವಾಗ ಕೆನ್ನೆ ಗಿಂಡಿದ್ದು ನೆನಪಾಗಿ ಇನ್ನೂ ಉಬ್ಬಿತು. ‘ಳೇ’ ಮುಗಿಯುವ ಹೊತ್ತಿಗೆ ಬೋರ್ಡೇ ಮುಗಿದಿತ್ತು.

‘ಇಷ್ಟು ವರ್ಷದ ಅನುಭವ!’ ಎಂದು ಹೆಂಡತಿ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕರು.

ಬೇರೆ ಹಲಗೆ ಇರಲಿಲ್ಲ. ಮರುದಿನ ಮಧ್ಯಾಹ್ನ, ಕೊನೆಯ ಪೀರಿಯಡ್ಡಿಗೆ ತಲುಪಿಸಬೇಕು. ಹನ್ನೊಂದು ಸಾಲಿನ ಕೊರತೆಯನ್ನಾದರೂ ತುಂಬೋಣವೆಂದು ಯಜಮಾನರು ಹೊರಡುವ ಮುಂಚೆ ಅಕ್ಷರಗಳಿಗೆ ಇನ್ನೊಂದು ಕೋಟು ಕರೀ ಬಣ್ಣ ಹೊಡೆದರು.

‘ಒಣಗಲ್ಲ ಕಣ್ರೀ ಅದು.’

‘ಬಣ್ಣದ ವಿಷಯ ನನಗೇ ಪಾಠ ಹೇಳ್ತೀಯಾ?’

ಮಗಳಿಗೆ ಅವಮಾನವಾಗದಿರಲೆಂದು ಬೀರುವಿನಲ್ಲಿದ್ದ ಒಂದೇ ಒಂದು ಬಿಳಿ ಅಂಗಿ ತೊಟ್ಟರು. ದಾರಿಹೋಕರೆಲ್ಲ ಓದಿ ಅವಳನ್ನು ಆಡಿಕೊಂಡಾರೆಂದು ಬರಹವನ್ನು ಎದೆಗೆ ಒತ್ತಿ ಹಿಡಿದು ನಡೆದರು. (ಸೈಕಲ್ಲಿಗೆ ಬೋರ್ಡು ಕಟ್ಟಿದರೆ ಲೋಕವೇ ಓದುತ್ತದೆ.) ಗೇಟಿಗೆ ಬಂದ ಮಗಳು ಕೈಚಾಚಿದಳು. ಯಜಮಾನರು ಬೋರ್ಡು ಈಚೆಗೆ ತೆಗೆದರು. ಹಲಗೆಯ ಮೇಲಿದ್ದದ್ದು ಬರೀ ಕಲಸುಮೇಲೋಗರ. ಅಂಗಿಯ ಮೇಲೆ ಮಾತ್ರ ಮೂರು ದಪ್ಪ ಅಕ್ಷರಗಳು ಅಚ್ಚುಕಟ್ಟಾಗಿ, ತಿರುಗುಮುರುಗಾಗಿ ಕೂತಿದ್ದವು.

‘ನಾನು ಮನೆಗೆ ಹೋಗ್ತೀನಮ್ಮ. ಅಮ್ಮನ ಕವಿತೆ ಒಂದೇ ಓದು’ ಎಂದರು ಅವರು.

ಅವಳು ಅಂಗಿಯನ್ನೇ ನೋಡುತ್ತ ನಿಂತಳು. ಆಮೇಲೆ ಅಪ್ಪನ ಕೈಹಿಡಿದು ದರದರ ಎಳೆದುಕೊಂಡು ಹೋಗಿ ಕ್ಲಾಸಿನ ಕರಿಹಲಗೆಯ ಪಕ್ಕ ನಿಲ್ಲಿಸಿದಳು. ಮಕ್ಕಳು ಗೊಳ್ಳೆಂದು ನಕ್ಕರು. ಯಜಮಾನರಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಅಮ್ಮನ ನಾಲ್ಕು ಸಾಲು ಓದಿ ಮುಗಿಸಿ ಮಗಳು ಹೇಳಿದಳು: ‘ಇದರಲ್ಲಿ ಪ್ರೀತಿ ಅನ್ನೋ ಪದಾನೇ ಇಲ್ಲ. ಕಾಯಲ್ಲ ಅಂತ ಬರೆದಿರೋ ನಮ್ಮಮ್ಮ ದಿನಾ ಬಾಗಿಲಲ್ಲೇ ನಿಂತಿರ್ತಾಳೆ. ಎರಡನೇ ಕವಿತೆ ಇದು.’ ಅಪ್ಪನ ಎದೆ ತೋರಿಸಿದಳು. ‘ಒಂದೇ ಪದ, ಮಗಳೇ ಅಂತ. ಅಮ್ಮನ ಕವಿತೇಲಿ ನನ್ನ ಸುತ್ತ ನೂರು ಚಿಂತೆ ಇದೆ. ಅಪ್ಪನ ಕವಿತೇಲಿ ನನ್ನ ಬಿಟ್ಟು ಬೇರೆ ಯಾವುದಕ್ಕೂ ಜಾಗಾನೇ ಇಲ್ಲ.’

‘ಅಕ್ಷರ ತಿರುಗುಮುರುಗಾಗಿದೆಯಲ್ಲಮ್ಮ?’ ಎಂದರು ಮೇಷ್ಟ್ರು, ನಗು ತಡೆದುಕೊಂಡು.

‘ನಮಗೆ ಹಾಗೆ ಕಾಣುತ್ತೆ ಸಾರ್. ಅಪ್ಪನ ಒಳಗಿಂದ ಓದಿದ್ರೆ ಸರಿಯಾಗೇ ಇದೆ.’

ಯಜಮಾನರು ಅತ್ತೇಬಿಟ್ಟರು. ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೂ ಕರಿ ಬಳಿದುಕೊಂಡಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ಮಗಳೇ.

ಕವಿತೆಗಳೆರಡನ್ನೂ ಅಕ್ಕಪಕ್ಕ ಗೋಡೆಗೆ ಹಾಕಲೇಬೇಕೆಂದು ಮೇಷ್ಟ್ರು ಹಟ ಹಿಡಿದರು. ಹಾಗಾಗಿ ಸಂಜೆ ಯಜಮಾನರು ಎರಡು ತೂತಿನ ಬನಿಯನ್ನಿನಲ್ಲಿ ಮನೆಗೆ ಬಂದರು. ಮಗಳು ಗೇಟಿನಿಂದ ಮನೆಯವರೆಗೂ, ಗೆಳತಿಯರೆಲ್ಲ ನೋಡುತ್ತಿದ್ದಂತೆಯೇ, ಅವರ ತೋಳು ಹಿಡಿದುಕೊಂಡೇ ಬಂದಳು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗಂಡನನ್ನು ಮೇಲಿಂದ ಕೆಳಗೆ ನೋಡಿದರು. ‘ಅಯ್ಯೋ ದೇವರೇ, ಅಂಗಿ ಎಲ್ರೀ?’

ಯಜಮಾನರು ಬನಿಯನ್ನಿನಲ್ಲೇ ಎದೆಯುಬ್ಬಿಸಿ, ‘ಪ್ರಕಟವಾಯ್ತು ಕಣೇ’ ಎಂದರು.