ಬಲಗಣ್ಣಿನ ಹುಟ್ಟು ಮಸೂರದವರಿಗೆ ಕ್ಷೌರಿಕನ ಬಿನ್ನಹ

ನಾನು ಹುಟ್ಟಿದಂದಿನಿಂದ ನನ್ನ ಬಲಗಣ್ಣಿನೊಳಗೆ ವಾಸವಾಗಿರುವ ಘನತೆವೆತ್ತ ಮಸೂರದವರ ಸನ್ನಿಧಾನಕ್ಕೆ, ಕತ್ತರಿ, ಬಾಚಣಿಗೆ, ನೊರೆಯ ಬಟ್ಟಲು ಸಮೇತ ಕೈಮುಗಿದು ನಿಂತ ಕ್ಷೌರಿಕನ ವಿಜ್ಞಾಪನೆ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ. ತಮ್ಮ ದೆಸೆಯಿಂದ ನಾನು ಮಾತ್ರ ಕ್ಷೇಮವಾಗಿಲ್ಲ. ಈ ಪತ್ರವನ್ನು ಹಳೆಯ ಕ್ಯಾಲೆಂಡರ್ ಹಾಳೆಗಳ ಬೆನ್ನಿಗೆ ಹೆಬ್ಬೆರಳು ಗಾತ್ರದ ಅಕ್ಷರಗಳಲ್ಲಿ ಬರೆದು ಅಂಗಡಿಯ ಗೋಡೆಗೆ ಅಂಟಿಸಿರುವುದಕ್ಕೆ ಕ್ಷಮೆಯಿರಲಿ. ಕೈಯಲ್ಲಿ ಹಿಡಿದ ಕಾಗದವನ್ನು ತಾವು ಓದಲೊಲ್ಲಿರಿ, ಅದೇ ಎದುರು ಗೋಡೆಯ ಮೇಲಿದ್ದರೆ ಸರಾಗವಾಗಿ ಓದುತ್ತೀರಿ. ಹೀಗಾಗಿ ನಮ್ಮಿಬ್ಬರ ಮನೆಜಗಳ ಗಿರಾಕಿಗಳ ಕಣ್ಣಿಗೂ ಬೀಳುವಂತಾಯಿತು. ನಾಳೆ ಬೆಳಿಗ್ಗೆ ಕಣ್ಣಿನ ಆಸ್ಪತ್ರೆಯಲ್ಲಿ ತಮ್ಮನ್ನು ತೆಗೆದು ತಮ್ಮ ಜಾಗದಲ್ಲಿ ಹೊಸ ಮಸೂರವನ್ನು ಕೂರಿಸಲಿರುವುದರಿಂದ, ಹೇಳಬೇಕಾದ್ದನ್ನು ಇವತ್ತೇ ಹೇಳಿಬಿಡುವುದು ಲೇಸೆಂದು ಕಂಡಿತು.

ಮೊದಲು ತಮ್ಮ ಸೇವೆಯನ್ನು ನೆನೆಯದಿದ್ದರೆ ಉಂಡ ಮನೆಗೆ ಎರಡು ಬಗೆದಂತಾದೀತು. ನಲವತ್ತರ ತನಕ ತಾವು ಎಂಥ ವಿನಯಶಾಲಿಗಳಾಗಿದ್ದಿರಿ! ಹತ್ತಿರದ್ದು ತೋರಿಸಿ ಎಂದರೆ ಉಬ್ಬಿ, ದೂರದ್ದು ತೋರಿಸಿ ಎಂದರೆ ಚಪ್ಪಟೆಯಾಗಿ, ಒಂದು ಮಾತಿಗೂ ಎದುರಾಡದೆ ದುಡಿದಿರಿ. ಮಗಳು ಹುಟ್ಟಿದ ದಿನ ಅವಳ ಕಿರುಬೆರಳಿನ ಉಗುರನ್ನು ನನಗೆ ತೋರಿಸಿದವರು ತಾವೇ. ಆಮೇಲೆ ಏನಾಯಿತೋ, ದೊಡ್ಡ ಮನುಷ್ಯರಾಗಿಬಿಟ್ಟಿರಿ. ಗಿಡವಾಗಿದ್ದಾಗ ಬಗ್ಗುತ್ತಿದ್ದವರು ಮರವಾದ ಮೇಲೆ ಕೊರಡಿನಂತೆ ಸೆಟೆದು ಕೂತಿರಿ. ಬೀದಿಯ ಆ ತುದಿಯಲ್ಲಿ ಬರುವ ಬಸ್ಸಿನ ಬೋರ್ಡು ಸ್ಪಷ್ಟ, ನನ್ನ ಕತ್ತಿಯ ಕೆಳಗಿರುವ ಕೆನ್ನೆ ಮಾತ್ರ ಮಂಜು. ಊರವರ ಸಮಾಚಾರವೆಲ್ಲ ಬಲ್ಲೆ, ಮನೆಯದ್ದು ನನಗೇನೂ ಗೊತ್ತಿಲ್ಲ ಎನ್ನುವವರ ಪೈಕಿ ತಾವು.

ಕನ್ನಡಕ ಹಾಕಿಕೊಳ್ಳಬಾರದಿತ್ತೇ ಎಂದು ತಾವು ಕೇಳಬಹುದು. ಹಾಕಿಕೊಂಡೆ. ಬಗ್ಗಿದರೆ ಅದು ಮೂಗಿನ ತುದಿಗೆ ಜಾರುತ್ತಿತ್ತು, ಬಿಸಿನೀರಿನ ಹಬೆಗೆ ಮಸುಕಾಗುತ್ತಿತ್ತು, ಒಮ್ಮೆಯಂತೂ ನೊರೆಯ ಬಟ್ಟಲಿಗೇ ಬಿತ್ತು. ಹತ್ತಿರಕ್ಕೂ ದೂರಕ್ಕೂ ಒಂದೇ ಗಾಜಿನಲ್ಲಿ ಏರ್ಪಾಡಿರುವ ಇನ್ನೊಂದನ್ನು ಮಾಡಿಸಿದೆ. ಅದರ ಕೆಳಭಾಗದಿಂದ ನೋಡಲು ನಾನು ಗಲ್ಲ ಮೇಲೆತ್ತಬೇಕಾಗಿ, "ಏನಪ್ಪಾ, ಇತ್ತೀಚೆಗೆ ನಮ್ಮನ್ನ ಕಂಡ್ರೆ ಮುಖ ಮೇಲೆ ಮಾಡ್ತೀಯ" ಎಂದು ಗಿರಾಕಿಗಳು ಬೇಜಾರು ಮಾಡಿಕೊಂಡರು. ತಾವೋ ಇಷ್ಟಕ್ಕೆಲ್ಲ ಬೆಳಕು ಸಾಲದೆಂದು ಟ್ಯೂಬ್‌ಲೈಟಿನ ಮೇಲೆ ತಪ್ಪು ಹೊರಿಸಿದಿರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಮ್ಮ ಮಾತು ನಂಬಿ ಇನ್ನೂ ಎರಡು ದೀಪ ಹಾಕಿಸಿದೆ, ಗಿರಾಕಿಗಳು ಬೆವರಿದ್ದೇ ಬಂತು.

ಕಡೆಗೆ ತಮ್ಮ ಕೃಪೆಯಿಂದ ಮೇಷ್ಟ್ರ ಕಿವಿಯ ಹಾಲೆಗೆ ಕತ್ತಿ ತಾಗಿತು. ಮೇಷ್ಟ್ರು ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು, ನನ್ನ ಅತಿ ಹಳೆಯ ಗಿರಾಕಿ, ಕತ್ತಿ ಕುತ್ತಿಗೆಯ ಮೇಲಿರುವಾಗಲೂ ಗೊರಕೆ ಹೊಡೆಯುವಷ್ಟು ನನ್ನನ್ನು ನಂಬಿದವರು. ಹತ್ತಿ ಒತ್ತಿಕೊಂಡು "ಹೋಗ್ಲಿ ಬಿಡಯ್ಯ, ಇನ್ನೊಂದು ಕಿವಿ ಇದೆಯಲ್ಲ" ಎಂದರು. ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುವ ನನ್ನ ಮಗಳು ಅಂಗಡಿ ಮುಚ್ಚುವಾಗ ನನ್ನ ಕತ್ತಿಯನ್ನು ತೊಳೆದು, ಒರೆಸಿ, ತನ್ನ ಡ್ರಾಯರಿನಲ್ಲಿಟ್ಟು ಬೀಗ ಹಾಕಿ, "ಅಪ್ಪಾ, ಕಟಿಂಗ್ ನೀನು ಮಾಡು, ಶೇವಿಂಗ್ ನಾನು ನೋಡ್ಕೋತೀನಿ" ಎಂದಳು. ಮಾನ್ಯರೇ, ಅವಳಿಗೆ ಕತ್ತಿ ಹಿಡಿಯಲು ಕಲಿಸಿದವನು ನಾನು. ಟವೆಲ್ ಒಣಹಾಕುವ ನೆಪದಲ್ಲಿ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಆಗಲೂ ತಾವು ನನಗೆ ಚೆನ್ನಾಗಿ ತೋರಿಸಿದ್ದು ದೂರದ ತಂತಿಯ ಮೇಲೆ ಕೂತ ಕಾಗೆಯನ್ನು.

ಹೀಗೆ ಕಣ್ಣಿನ ಆಸ್ಪತ್ರೆಯ ಮೆಟ್ಟಿಲು ಹತ್ತಿದೆ. ಅಲ್ಲಿನ ಪರೀಕ್ಷೆಯ ಕೋಣೆ ಚಿಕ್ಕದಾದ್ದರಿಂದ ಫಲಕವನ್ನು ನನ್ನ ಬೆನ್ನ ಹಿಂದೆ ತೂಗುಹಾಕಿ ಎದುರಿಗೆ ಕನ್ನಡಿ ಇಟ್ಟಿದ್ದರು. ಮೂರು ಕಾಲಿನ ಒಂದೇ ಗುರುತು ಸಾಲುಸಾಲಾಗಿ ಇರುತ್ತದೆ. ಕಾಲು ಯಾವ ಕಡೆಗೆ ಚಾಚಿದೆ ಎಂದು ಕನ್ನಡಿಯಲ್ಲಿ ನೋಡಿ ಕೈಸನ್ನೆ ಮಾಡಬೇಕು. ಕನ್ನಡಿ ಕಂಡದ್ದೇ ನನಗೆ ತವರಿಗೆ ಬಂದಂತಾಯಿತು. ನನ್ನ ಅಂಗಡಿಯ ಗಡಿಯಾರವಿರುವುದು ಹಿಂದಿನ ಗೋಡೆಯಲ್ಲಿ. ಬದುಕಿಡೀ ಅದನ್ನು ಕನ್ನಡಿಯಲ್ಲಿ ನೋಡಿ, ಎಡವನ್ನು ಬಲ ಮಾಡಿಕೊಂಡೇ ಹೊತ್ತು ತಿಳಿದವನು ನಾನು. ಅದೇ ಜಾಣತನವನ್ನು ಇಲ್ಲೂ ಮೆರೆದೆ. ಕನ್ನಡಿಯಲ್ಲಿ ಬಲಕ್ಕೆ ಕಂಡದ್ದು ಅಸಲಿಗೆ ಎಡಕ್ಕಿರಬೇಕಲ್ಲವೇ? ಎಡಕ್ಕೇ ಕೈ ತೋರಿಸಿದೆ. ಪರೀಕ್ಷಿಸುತ್ತಿದ್ದ ಹುಡುಗಿ ದೊಡ್ಡ ಸಾಲಿಗೆ ಹೋದಳು, ಇನ್ನೂ ದೊಡ್ಡದಕ್ಕೆ ಹೋದಳು, ಕಡೆಗೆ ಗಾಬರಿಯಾಗಿ ಡಾಕ್ಟರನ್ನು ಕೂಗಿದಳು: "ಸರ್, ಇವರಿಗೆ ಮೇಲೆ ಕೆಳಗೆ ಎಲ್ಲಾ ಸರಿಯಾಗಿ ಕಾಣುತ್ತೆ, ಎಡ ಬಲ ಮಾತ್ರ ಕಾಣಲ್ಲ!" ಡಾಕ್ಟರು ಬಂದು ಟಾರ್ಚ್ ಬಿಟ್ಟು ನೋಡಿ, ತಲೆ ಕೆರೆದುಕೊಂಡು, ಏನು ಕೆಲಸ ಮಾಡುತ್ತೀರೆಂದು ಕೇಳಿದರು. ಹೇಳಿದೆ. ಅವರು ನಕ್ಕ ನಗುವಿಗೆ ಹೊರಗೆ ಕೂತಿದ್ದವರೆಲ್ಲ ಇಣುಕಿದರು. "ಕಂಡಿದ್ದನ್ನ ಕಂಡ ಹಾಗೆ ಹೇಳಿ ಯಜಮಾನ್ರೇ, ತಿದ್ದೋಕೆ ಹೋಗ್ಬೇಡಿ" ಎಂದರು.

ಪುಣ್ಯಾತ್ಮರು ಏನನ್ನೂ ಮುಚ್ಚಿಡಲಿಲ್ಲ. ಪೊರೆ ಬಂದಿಲ್ಲವಾದ್ದರಿಂದ ಇದು ಮಾಡಿಸಲೇಬೇಕಾದ ಆಪರೇಷನ್ ಅಲ್ಲ, ಬೇಕೆಂದರೆ ಮಾಡಿಸಿಕೊಳ್ಳುವಂಥದು ಎಂದರು. ಹನಿ ಹಾಕಿ ಕಣ್ಣು ಮರಗಟ್ಟಿಸಿ, ಸಣ್ಣ ಸೀಳಿನಿಂದ ಒಳಹೊಕ್ಕು, ತಮ್ಮನ್ನು ಪುಡಿಮಾಡಿ ಹೀರಿ ತೆಗೆದು, ತಾವು ಕೂತಿರುವ ತೆಳುಚೀಲವನ್ನು ಹಾಗೇ ಉಳಿಸಿಕೊಂಡು, ಅದರೊಳಗೆ ಮಡಿಸಿದ ಹೊಸ ಮಸೂರವನ್ನು ಬಿಡುತ್ತಾರಂತೆ. ಅದು ಅಲ್ಲೇ ಬಿಚ್ಚಿಕೊಂಡು ಕೂರುತ್ತದಂತೆ. ಅದಕ್ಕೆ ಮುಂದೆ ಪೊರೆ ಬರುವುದಿಲ್ಲ, ಆದರೆ ಯೌವನದ ದಿನಗಳಲ್ಲಿ ತಾವು ಮಾಡಿದಂತೆ ಅದು ಉಬ್ಬಿ ತಗ್ಗುವುದೂ ಇಲ್ಲ. ಎಲ್ಲ ದೂರಕ್ಕೂ ಆಗುವ ಮಸೂರವೂ ಇದೆಯಂತೆ; ರಾತ್ರಿ ದೀಪಗಳ ಸುತ್ತ ಬಳೆಗಳು ಕಂಡಾವು, ಬಿಳಿಯ ಮೇಲಿನ ಬಿಳಿ ತುಸು ಮಂಕಾದೀತು ಎಂದರು. ಬಿಳಿ ನೊರೆಯ ಕೆಳಗೆ ಬಿಳಿ ಗಡ್ಡ ಹುಡುಕಿ ಬದುಕುವವನಿಗೆ ಅದು ಒಗ್ಗದು ಎಂದೆ. ಹಾಗಾದರೆ ಒಂದೇ ದೂರದ್ದು ಹಾಕೋಣ, ಯಾವ ದೂರ ಬೇಕು ಎಂದರು. ಅವರನ್ನೇ ಸ್ಟೂಲಿನ ಮೇಲೆ ಕೂರಿಸಿ, ಅವರ ಪೆನ್ನನ್ನೇ ಕತ್ತಿಯಂತೆ ಹಿಡಿದು, ಎರಡು ಬೆರಳಲ್ಲಿ ಅವರ ಗಲ್ಲ ಎತ್ತಿ ನಿಂತೆ. ಡಾಕ್ಟರು ಅಭ್ಯಾಸಬಲದಿಂದ ಕಣ್ಣು ಮುಚ್ಚಿದರು, ಹುಡುಗಿ ನನ್ನ ಕಣ್ಣಿನಿಂದ ಅವರ ಕೆನ್ನೆಯವರೆಗೆ ಟೇಪು ಹಿಡಿದಳು. ಆ ದೂರವೇ ಗಟ್ಟಿಯಾಯಿತು. ಬಸ್ಸಿನ ಬೋರ್ಡು ಓದಲು ಇನ್ನು ಮೇಲೆ ಕನ್ನಡಕ ಬೇಕಾಗುತ್ತದೆ, ಸಣ್ಣ ಅಕ್ಷರಕ್ಕೂ ಬೇಕಾದೀತು ಎಂದು ಎಚ್ಚರಿಸಿದರು. ಬಸ್ಸು ತಪ್ಪಿದರೆ ತಪ್ಪಲಿ, ಕೆನ್ನೆ ತಪ್ಪಬಾರದು ಎಂದೆ.

"ತೆಗೆದ ಮೇಲೆ ಹಳೇದನ್ನ ವಾಪಸ್ ಕೂರಿಸೋಕೆ ಆಗಲ್ಲ. ಅಪರೂಪಕ್ಕೆ ಸೋಂಕಾಗಬಹುದು, ಕಣ್ಣಿನ ಪರದೆಗೆ ತೊಂದರೆ ಆಗಬಹುದು. ಮನೇಲಿ ಕೂತು ಯೋಚನೆ ಮಾಡಿ" ಎಂದೂ ಅವರು ಹೇಳಿ ಕಳಿಸಿದರು. ಯೋಚನೆ ಮಾಡಿಯೇ ಒಪ್ಪಿದ್ದೇನೆ. ಮಗಳ ಮುಂದೆ ಮೀಸೆ ತಿರುವಿಕೊಂಡು ಓಡಾಡುತ್ತಿದ್ದೇನಾದರೂ, ಒಳಗೇ ಇರುವ ತಮ್ಮಿಂದ ಮುಚ್ಚಿಡುವುದೇನು, ನನಗೆ ವಿಪರೀತ ಭಯವಾಗಿದೆ. ಕಣ್ಣಿನದ್ದಕ್ಕಿಂತ ಹೆಚ್ಚಾಗಿ, ಎಲ್ಲ ಸರಿಹೋದ ಮೇಲೂ ನನ್ನ ಕತ್ತಿಗೆ ಯಾರೂ ಮುಖ ಕೊಡದಿದ್ದರೆ ಏನು ಗತಿ ಎಂಬ ಭಯ.

ಆದ್ದರಿಂದ ತಮ್ಮಲ್ಲಿ ಕೋರುವುದೇನೆಂದರೆ, ನಾಳೆ ಬೆಳಗಾಗುವುದರೊಳಗೆ ತಾವು ದೊಡ್ಡ ಮನಸ್ಸು ಮಾಡಿ ಮೆತ್ತಗಾಗುವುದಾದರೆ ನನ್ನ ಮುಂಗೈಯ ಮೇಲಿನ ಒಂದೇ ಒಂದು ರೋಮವನ್ನು ಸ್ಪಷ್ಟವಾಗಿ ತೋರಿಸಿ; ಆಸ್ಪತ್ರೆಯ ಕಡೆ ತಲೆ ಹಾಕಿಯೂ ಮಲಗದೆ ತಮಗೆ ಸನ್ಮಾನ ಏರ್ಪಡಿಸುತ್ತೇನೆ. ಅದಾಗದಿದ್ದರೆ ಹಟ ಮಾಡದೆ, ಚೀಲ ಹರಿಯದೆ, ಮರ್ಯಾದೆಯಿಂದ ಪುಡಿಯಾಗಿ ಹೊರಡಿ. ಹೊರಡುವ ಮುನ್ನ ಹೊಸಬರಿಗೆ ಕೆಲಸ ಒಪ್ಪಿಸಿಕೊಡಿ: ಮೇಷ್ಟ್ರ ದವಡೆಯ ಕೆಳಗಿನ ನರುಲಿ ಎಲ್ಲಿದೆ, ಮಗಳಿಗೆ ಸಿಟ್ಟು ಬರುವ ಮುಂಚೆ ಹುಬ್ಬಿನ ನಡುವೆ ಬೀಳುವ ಗೆರೆ ಯಾವುದು, ಇವನ್ನು ಅವರು ಬೇರೆಲ್ಲೂ ಕಲಿತು ಬಂದಿರಲಾರರು. ತಮ್ಮ ಮೇಲೆ ಕೋಪವಿದೆ. ಅದರಷ್ಟೇ ಪ್ರೀತಿಯೂ ಇದೆ ಎಂದು ಗೋಡೆಯ ಮೇಲೆ ಬರೆಯಲು ನನಗೇನೂ ನಾಚಿಕೆಯಿಲ್ಲ.

ಇನ್ನೊಂದು ರಾತ್ರಿಯ ಮಟ್ಟಿಗೆ ತಮ್ಮ ವಿಶ್ವಾಸಿ,
ಮೊದಲನೆಯ ಕುರ್ಚಿಯ ಕ್ಷೌರಿಕ

ಮರೆತ ಮಾತು: ಎಡಗಣ್ಣಿನ ಮಸೂರದವರು ಇಷ್ಟು ಹೊತ್ತೂ ಪಕ್ಕದ ಮನೆಯ ಜಗಳವೆಂಬಂತೆ ಇದನ್ನು ಖುಷಿಯಾಗಿ ಓದುತ್ತಿದ್ದುದನ್ನು ಗಮನಿಸಿದ್ದೇನೆ. ಸ್ವಾಮಿ, ಮುಂದಿನ ತಿಂಗಳು ತಮ್ಮ ಸರದಿ. ಕಿವಿಗೆ ಗಾಯವಾದಂದಿನಿಂದ ಮೇಷ್ಟ್ರು ಗಡ್ಡ ಬಿಟ್ಟಿದ್ದಾರೆ; ಮಗಳು ಕರೆದರೂ ಅವಳ ಕುರ್ಚಿಯಲ್ಲಿ ಕೂರಲಿಲ್ಲ, ಬೇರೆ ಅಂಗಡಿಗೂ ಹೋಗಲಿಲ್ಲ. ಈಗ ತಾನೇ ಬಂದು ಈ ಗೋಡೆಯ ಮುಂದೆ ನಿಂತು ಪೂರ್ತಿ ಓದಿ, ಗಡ್ಡ ನೀವಿಕೊಂಡು, "ಲೆಕ್ಕ ಅಂದ್ರೆ ಲೆಕ್ಕ ಕಣಯ್ಯ. ಈ ಕಣ್ಣಾದ್ಮೇಲೆ ಒಂದು ಕೆನ್ನೆ ಕೊಡ್ತೀನಿ, ಆ ಕಣ್ಣಾದ್ಮೇಲೆ ಇನ್ನೊಂದು" ಎಂದು ಹೇಳಿ ಹೋದರು. ಆದ್ದರಿಂದ ತಾವು ಜಾಗ ಖಾಲಿ ಮಾಡುವವರೆಗೆ ಒಬ್ಬ ಗೌರವಸ್ಥ ಹಿರಿಯರು ಅರ್ಧ ಗಡ್ಡದಲ್ಲಿ ಊರೆಲ್ಲ ತಿರುಗಾಡಲಿದ್ದಾರೆ. ಅವರನ್ನು ಕಂಡು ಯಾರಾದರೂ ನಕ್ಕರೆ ಅದರ ಪೂರ್ತಿ ಹೊಣೆ ತಮ್ಮದು.